ನಾಲ್ಕು ಒಲೆಗಳ ಪಾಳಿ

ಅವ್ವ ಇಂದು ಬೆಳಿಗ್ಗೆ ಯಾರನ್ನೂ ಕೇಳದೆ ತಾನಾಗಿಯೇ ಬಚ್ಚಲು ಹುಡುಕಿಕೊಂಡು ಹೋದದ್ದೇ ಮಾಳಿಂಗನಿಗೆ ಸಂಕಟವಾಯಿತು. ಅರ್ಧ ಗಡ್ಡ ಬೋಳಿಸಿ, ಇನ್ನರ್ಧಕ್ಕೆ ನೊರೆ ಹಚ್ಚಿಕೊಂಡು ಪಡಸಾಲೆಯಲ್ಲಿ ನಿಂತಿದ್ದವನು ಮಂಚದ ಸದ್ದಿಗೆ ಹೊರಳಿ ನೋಡಿದ. ಅವಳು ಎದ್ದಳು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಎಂದಿನಂತೆ ಎಡಕ್ಕೆ ತಿರುಗಿದಳು, ಅಲ್ಲೇ ತಡೆದಳು, ಆಮೇಲೆ ಗೋಡೆಯನ್ನು ಬೆರಳಿಂದ ಸವರುತ್ತ ಬಲಕ್ಕೆ ಹೋಗಿ ಬಚ್ಚಲ ಕದ ಮುಂದೆ ಮಾಡಿಕೊಂಡಳು. ಒಳಗಿಂದ ತಂಬಿಗೆಯ ಸದ್ದು, ನೀರಿನ ಸದ್ದು. ಸಿಂದಗಿಯ ಈ ಮನೆಗೆ ಬಂದು ತಿಂಗಳು ತುಂಬಿದ ಮೇಲೆ ಅವಳಿಗೆ ಬಚ್ಚಲು ಸಿಕ್ಕಿತ್ತು. ಬೇರೆ ದಿನವಾಗಿದ್ದರೆ ಹೆಂಡತಿಯನ್ನು ಕರೆದು ತೋರಿಸಿ ಹಿಗ್ಗುತ್ತಿದ್ದ. ಆದರೆ ನಿನ್ನೆ ಅಮಾವಾಸ್ಯೆ ಮುಗಿದಿತ್ತು, ಹೋಳಿಗೆ ಉಂಡದ್ದೂ ಆಗಿತ್ತು. ಇಂದು ಮಧ್ಯಾಹ್ನ ಅವ್ವನನ್ನು ಇಂಡಿಯಲ್ಲಿರುವ ಅಣ್ಣ ಸೋಮನಿಂಗನಿಗೆ ಒಪ್ಪಿಸಬೇಕು. ಅಣ್ಣನ ಮನೆಯಲ್ಲಿ ಬಚ್ಚಲು ಹಿತ್ತಲಲ್ಲಿದೆ, ಮೆಟ್ಟಿಲು ಇಳಿದು ಹೋಗಬೇಕು. ಅದನ್ನು ಅವಳು ಕಲಿಯುವ ಹೊತ್ತಿಗೆ ಮುದ್ದೇಬಿಹಾಳದ ತಮ್ಮನ ಪಾಳಿ ಬಂದಿರುತ್ತದೆ.

ಎಡಕ್ಕೆ ತಿರುಗಿದರೆ ಈ ಮನೆಯಲ್ಲಿ ಸಿಗುವುದು ಗಾಜಿನ ಶೋಕೇಸು. ಅದರೊಳಗೆ ಮಾಳಿಂಗನಿಗೆ ಕಾಲೇಜಿನವರು ಕೊಟ್ಟ ಉತ್ತಮ ಉಪನ್ಯಾಸಕ ಎಂಬ ಫಲಕ, ಒಂದು ಹಿತ್ತಾಳೆಯ ಕುದುರೆ. ಬಸವನ ಬಾಗೇವಾಡಿಯಲ್ಲಿ ತಂಗಿ ಸುರೇಖಾಳ ಮನೆಯಲ್ಲಿ ಅದೇ ಜಾಗಕ್ಕೆ ಬಚ್ಚಲಿದೆ. ಅವ್ವ ಅಲ್ಲಿಂದ ಬಂದ ಮೊದಲ ವಾರ ಕಾಲೇಜಿನ ಮೈಬೂಬ ಸರ್ ಚಹಾಕ್ಕೆ ಬಂದಿದ್ದರು. ಮಾತು ನಡೆದಿರುವಾಗಲೇ ಅವ್ವ ಎದ್ದು ಬಂದು, ಶೋಕೇಸಿನ ಮುಂದೆ ಸೀರೆ ಎತ್ತಿ ಕುಳಿತಳು. ನೀರು ಹರಿದು ಮೈಬೂಬ ಸರ್ ಪಾದದವರೆಗೆ ಬಂತು. ಅವರು ಕಾಲು ಎತ್ತಲಿಲ್ಲ, ಎತ್ತಿದರೆ ನೋಡಿದಂತಾಗುತ್ತದೆ ಎಂದು ಫ್ಯಾನು ನೋಡುತ್ತ ಕುಳಿತರು. ಆ ದೊಡ್ಡತನ ಮಾಳಿಂಗನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. "ನಳ ಸೋರಾಕತ್ತೈತ್ರಿ ಸರ್," ಎಂದುಬಿಟ್ಟ. ಪಡಸಾಲೆಯಲ್ಲಿ ನಳವೇ ಇರಲಿಲ್ಲ. ಅವರು ಹೋದ ಮೇಲೆ ಓಣಿಗೆಲ್ಲ ಕೇಳುವಂತೆ, "ಇದು ಬಾಗೇವಾಡಿ ಅಲ್ಲಬೇ, ಸಿಂದಗಿ! ಸಿಂದಗಿ!" ಎಂದು ಕೂಗಿದ್ದ. ಅವ್ವ ಹೆದರಿದ ಮಗುವಿನಂತೆ "ಸಿಂದಗಿ, ಸಿಂದಗಿ" ಎಂದು ತಾನೂ ಅಂದಳು. ಆಮೇಲೆ ಎಷ್ಟೋ ದಿನ ಎಡಕ್ಕೆ ಹೋಗುವಾಗಲೂ ಬಾಯಲ್ಲಿ ಅದನ್ನೇ ಅನ್ನುತ್ತಿದ್ದಳು.

"ನೋಡಿದೇನು? ಅವ್ವ ತಾನ ಹೋದ್ಳು," ಎಂದ ಅಡುಗೆಮನೆಯ ಕಡೆ ಮುಖ ಮಾಡಿ.

"ನೋಡಿನ್ರಿ." ಸುನೀತಾ ಅತ್ತೆಯ ಸೀರೆಗಳನ್ನು ಮಡಚಿ ಕೈಚೀಲಕ್ಕೆ ತುಂಬುತ್ತಿದ್ದಳು.

"ಈಗರ ಹಾದಿಗಿ ಬರಾಕತ್ತಾಳ. ಇನ್ನೊಂದ ತಿಂಗಳ ಇಲ್ಲೇ ಇಟ್ಕೊಂಡ್ರ ಹ್ಯಾಂಗ?"

"ಇಟ್ಕೋರಿ. ನಾ ಬ್ಯಾಡ ಅಂದೇನೇನು? ನೀವು ಕಾಲೇಜಿಗಿ ರಜಾ ಹಾಕ್ರಿ, ಅತ್ತಿ ಹಾಸಗಿ ನೀವ ಒಗೀರಿ, ನೀವ ಮೈ ತೊಳೀರಿ. ಒಂದ ವಾರ ಮಾಡ್ರಿ, ಆಮ್ಯಾಲ ಕೂತ ಮಾತಾಡೂಣು."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಗಳ ಮಾಡಬಹುದಿತ್ತು, ಜಗಳದ ಭರದಲ್ಲಿ ಅವ್ವನನ್ನು ಮರೆಯಬಹುದಿತ್ತು. ಒಂದು ವಾರ ಎಂದರೆ ಏನೆಂದು ಅವನಿಗೆ ಗೊತ್ತಿತ್ತು, ಆ ವಾಸನೆ ಗೊತ್ತಿತ್ತು. ಸುಮ್ಮನೆ ಉಳಿದರ್ಧ ಗಡ್ಡಕ್ಕೆ ಕೈ ಹಾಕಿ ಗದ್ದ ಕೊಯ್ದುಕೊಂಡ. ಒಂದು ಮಾತು ಸಾಕಿತ್ತು: ಅವ್ವ ಇಲ್ಲೇ ಇರಲಿ. ಬೇರೆ ಯಾರೂ ಹೇಳಬೇಕಾಗಿರಲಿಲ್ಲ, ಇವನೇ ಹೇಳಬೇಕಿತ್ತು. ಏಕೆಂದರೆ ಈ ಪಾಳಿಯ ಲೆಕ್ಕ ಹಾಕಿದವನೂ ಇವನೇ. ಅಪ್ಪ ಸತ್ತು ದಿನಕರ್ಮ ಮುಗಿದ ಸಂಜೆ ಅಣ್ಣತಮ್ಮಂದಿರು ನಾ ಒಲ್ಲೆ, ನೀ ಒಯ್ಯಿ ಎಂದು ಬಾಯಿ ಬಿಟ್ಟು ಅನ್ನಲಾರದೆ ಬೀಡಿ ಸೇದುತ್ತ ಕೂತಿದ್ದಾಗ, ಓದಿದವನೆಂದು ಹಿರಿಯರು ಇವನ ಮುಖ ನೋಡಿದ್ದರು. ಇವನು ಗಂಟಲು ಸರಿಮಾಡಿಕೊಂಡು, ಒಬ್ಬರ ಮೇಲೇ ಭಾರ ಬೀಳಬಾರದು, ಅಮಾಸಿಯಿಂದ ಅಮಾಸಿಗೆ ಒಬ್ಬೊಬ್ಬರ ಮನೆ, ಎಂದ. ಹೆಣ್ಣುಮಗಳ ಮನೆಯಲ್ಲಿ ತಾಯಿಯನ್ನಿಡುವ ಪದ್ಧತಿ ಇಲ್ಲವೆಂದು ಯಾರೋ ಗೊಣಗಿದರೆ, ಹೆಣ್ಣು ಗಂಡು ಎಂಬ ಭೇದ ಯಾಕೆ ಎಂದು ದೊಡ್ಡ ಮಾತಾಡಿ ಸುರೇಖಾಳನ್ನೂ ಸೇರಿಸಿದ. ಮೂರಕ್ಕಿಂತ ನಾಲ್ಕಾದರೆ ಪ್ರತಿಯೊಬ್ಬರ ಪಾಲು ಹಗುರ. "ಮಾಸ್ತರ ಲೆಕ್ಕ ಅಂದ್ರ ಲೆಕ್ಕ," ಎಂದರು ಎಲ್ಲರೂ. ಮೂಲೆಯಲ್ಲಿ ಕೂತಿದ್ದ ಅವ್ವ ತಾನೂ ತಲೆಯಾಡಿಸಿದಳು: "ಕುರಿ ಹಿಂದ ಊರೂರು ತಿರಗಿದಾಕಿ ನಾ. ನನಗೇನು ಹೊಸಾದು?" ಆ ಮಾತನ್ನು ಮಾಳಿಂಗ ಅಂದಿನಿಂದ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದಾನೆ, ಯಾರು ಕೇಳಿದರೂ ತೆಗೆದು ತೋರಿಸುತ್ತಾನೆ. ಅವ್ವನೇ ಹೇಳ್ಯಾಳಲ್ಲ.

ಕಾಲೇಜಿನಲ್ಲಿ ಇಂದು ಅವನ ಪಾಠವೂ ಅದೇ. ಬಿಸಿಎ ಹುಡುಗರಿಗೆ ಆಪರೇಟಿಂಗ್ ಸಿಸ್ಟಮ್. ಒಂದಕ್ಕಿಂತ ಹೆಚ್ಚು ಕೋರ್, ಅಂದರೆ ಲೆಕ್ಕ ಮಾಡುವ ಮಿದುಳು, ಇರುವ ಕಂಪ್ಯೂಟರಿನಲ್ಲಿ ಕೆಲಸಗಳನ್ನು ಹಂಚುವುದು ಹೇಗೆ. ವರ್ಷ ವರ್ಷ ಹೇಳುವ ಉದಾಹರಣೆಯನ್ನೇ ಹಲಗೆಯ ಮೇಲೆ ಬರೆದ: ಒಂದು ಖಾನಾವಳಿ, ನಾಲ್ಕು ಒಲೆ, ಒಂದೊಂದು ಒಲೆಗೆ ಒಬ್ಬೊಬ್ಬ ರೊಟ್ಟಿ ಬಡಿಯುವ ಹೆಣ್ಣುಮಗಳು. ಅವೇ ನಾಲ್ಕು ಕೋರ್. ಒಬ್ಬೊಬ್ಬಳ ಮುಂದೆಯೂ ಬಡಿಯಬೇಕಾದ ಹಿಟ್ಟಿನ ಉಂಡೆಗಳ ಸಾಲು. ಯಾರ ಮುಂದೆ ಸಾಲು ಬೆಳೆಯಿತು, ಯಾರು ಖಾಲಿ ಕೂತರು ಎಂದು ಖಾನಾವಳಿಯ ಯಜಮಾನಿ ಆಗಾಗ ಸುತ್ತು ಹಾಕಿ ನೋಡುತ್ತಾಳೆ, ಇಲ್ಲಿಯ ಉಂಡೆ ಎತ್ತಿ ಅಲ್ಲಿಡುತ್ತಾಳೆ. ಅವಳೇ ಶೆಡ್ಯೂಲರ್. ಕೆಲವೊಮ್ಮೆ ಕೈ ಖಾಲಿಯಾದವಳು ತಾನೇ ಪಕ್ಕದವಳ ಸಾಲಿನಿಂದ ಎಳೆದುಕೊಳ್ಳುವುದೂ ಉಂಟು. ಬಡಿಯದ ಉಂಡೆಯನ್ನು ಎತ್ತಿಟ್ಟರೆ ನಷ್ಟವಿಲ್ಲ. ಆದರೆ ಅರ್ಧ ಬಡಿದ ರೊಟ್ಟಿ? ಹುಡುಗರು ನಕ್ಕರು, ಜೋಳದ ರೊಟ್ಟಿ ಎಂಥದೆಂದು ಎಲ್ಲರಿಗೂ ಗೊತ್ತು. "ಹರಿತೈತ್ರಿ ಸರ್," ಎಂದ ತಬ್ರೇಜ ಹಿಂದಿನ ಬೆಂಚಿನಿಂದ. ಹೌದು, ಹರಿಯುತ್ತದೆ. ಒಂದು ಕೋರ್‌ನಲ್ಲಿ ಓಡುತ್ತಿರುವ ಕೆಲಸ ತನಗೆ ಬೇಕಾದದ್ದನ್ನೆಲ್ಲ ಆ ಕೋರ್‌ನ ಪಕ್ಕದ ಪುಟ್ಟ ನೆನಪಿನಲ್ಲಿ, ಕ್ಯಾಶ್‌ನಲ್ಲಿ, ಕೈಗೆಟುಕುವಂತೆ ಇಟ್ಟುಕೊಂಡಿರುತ್ತದೆ. ಅದನ್ನು ಎತ್ತಿ ಬೇರೆ ಕೋರ್‌ಗೆ ಹಾಕಿದರೆ ಕೆಲಸ ಹೋಗುತ್ತದೆ, ಕೈಗೆಟುಕುವ ನೆನಪು ಹಿಂದೆಯೇ ಉಳಿಯುತ್ತದೆ. ಅಲ್ಲಿ ಎಲ್ಲವನ್ನೂ ಮೊದಲಿಂದ, ದೂರದಿಂದ, ನಿಧಾನವಾಗಿ ತರಿಸಿಕೊಳ್ಳಬೇಕು. ತರಿಸಿಕೊಂಡು ಬಿಸಿಯಾಗುವಷ್ಟರಲ್ಲಿ ಮತ್ತೆ ಎತ್ತಿದರೆ ಅದು ಓಡುವುದೇ ಇಲ್ಲ, ತರಿಸಿಕೊಳ್ಳುವುದರಲ್ಲೇ ಸವೆದುಹೋಗುತ್ತದೆ. ಆದ್ದರಿಂದ ಜಾಣ ಶೆಡ್ಯೂಲರ್ ಆದಷ್ಟೂ ಕೆಲಸವನ್ನು ಇದ್ದಲ್ಲೇ ಬಿಡುತ್ತದೆ. ಬೇಕಾದರೆ ಒಂದೇ ಕೋರ್‌ಗೆ ಕಟ್ಟಿಹಾಕಲೂ ಬರುತ್ತದೆ, ಒಂದು ಸಾಲಿನ ಆದೇಶ ಸಾಕು.

ಇಷ್ಟನ್ನೂ ಹೇಳುವಾಗ ಅವನ ದನಿ ಎಲ್ಲೂ ನಡುಗಲಿಲ್ಲ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ದೇವಣಗಾಂವದಿಂದ ದಿನಾ ಬಸ್ಸಿಗೆ ಬರುವ ಮೆಹನಾಜ ಎದ್ದು ನಿಂತಳು. ಅವಳು ಪರೀಕ್ಷೆಗೆ ಬಾರದ ಪ್ರಶ್ನೆಗಳನ್ನೇ ಕೇಳುವವಳು.

"ಸರ್, ಹರಿತೈತಿ ಅಂತ ಗೊತ್ತಿದ್ದೂ ಯಾಕ ಎತ್ತಿ ಇಡ್ತಾಳ್ರಿ ಯಜಮಾನಿ?"

"ಒಂದ ಒಲಿ ಮ್ಯಾಲ ಭಾರ ಬೀಳಬಾರದು ಅಂತ."

"ರೊಟ್ಟಿದು?"

ಮಾಳಿಂಗ ಸುಣ್ಣದ ಕಡ್ಡಿಯನ್ನು ಬೆರಳಲ್ಲಿ ಹೊರಳಿಸಿದ. "ಶೆಡ್ಯೂಲರ್ ಒಲಿ ನೋಡತೈತಿ, ರೊಟ್ಟಿ ನೋಡೂದಿಲ್ಲ," ಎಂದ. ತರಗತಿ ನಕ್ಕಿತು. ಮೆಹನಾಜ ನಗದೆ ಆ ಮಾತನ್ನು ಬರೆದುಕೊಂಡು ಕುಳಿತಳು. ತನ್ನ ಮಾತನ್ನು ಯಾರೋ ಬರೆದುಕೊಂಡದ್ದಕ್ಕೆ ಅವನಿಗೆ ಎಂದೂ ಇಷ್ಟು ನಾಚಿಕೆಯಾಗಿರಲಿಲ್ಲ. ಹೊರಗೆ ಬರುವಾಗ ಕಾರಿಡಾರಿನಲ್ಲಿ ಮೈಬೂಬ ಸರ್ ಎದುರಾಗಿ, "ತಾಯಿಯವ್ರು ಆರಾಮ ಅದಾರ್ರಿಲ್ಲೊ?" ಎಂದರು. "ಆರಾಮ್ರಿ, ಇವತ್ತ ಊರಿಗಿ ಹೊಂಟಾರ," ಎಂದ. ಯಾವ ಊರಿಗೆ ಎಂದು ಅವರು ಕೇಳಲಿಲ್ಲ.

ಮನೆಯಲ್ಲಿ ಸುನೀತಾ ಅವ್ವನಿಗೆ ಎಣ್ಣೆ ಹಚ್ಚಿ ತಲೆ ಬಾಚಿ, ಹಣೆಗೆ ವಿಭೂತಿ ಇಟ್ಟು ಬಾಗಿಲ ಬಳಿ ಕೂರಿಸಿದ್ದಳು. ತೊಡೆಯ ಮೇಲೆ ಕೈಚೀಲ. ಮೊದಲ ವರ್ಷ ಈ ಚೀಲದ ಜೊತೆ ಒಂದು ಕಂಬಳಿಯೂ ಇತ್ತು, ಕರಿ ಉಣ್ಣೆಯದು, ಅಪ್ಪ ನೇಯಿಸಿದ್ದು. ಬಸ್ಸಿನಲ್ಲಿ ಭಾರ, ಎಲ್ಲರ ಮನೆಯಲ್ಲೂ ಹಾಸಿಗೆ ಇರುವಾಗ ಹೊತ್ತು ತಿರುಗುವುದು ಯಾಕೆ ಎಂದವನು ಇವನೇ. ಕಂಬಳಿ ಮುದ್ದೇಬಿಹಾಳದಲ್ಲಿ ಉಳಿಯಿತು. ಆಮೇಲೆ ಅವಳ ತಂಬಿಗೆ ಇಂಡಿಯಲ್ಲಿ ಉಳಿಯಿತು, ಸುಣ್ಣದ ಡಬ್ಬಿ ಬಾಗೇವಾಡಿಯಲ್ಲಿ ಉಳಿಯಿತು. ಅವಳು ಕೇಳಲಿಲ್ಲ. ಕೇಳದಿದ್ದರೆ ಬೇಡವೆಂದೇ ಅರ್ಥ ಮಾಡಿಕೊಳ್ಳುವುದು ಎಲ್ಲರಿಗೂ ಸುಲಭವಾಗಿತ್ತು.

ಅಣ್ಣನೂ ಅವನೂ ಪೂರ್ತಿ ದಾರಿ ಹೋಗುವುದು ಬೇಡವೆಂದು ನಡುದಾರಿಯ ಆಲಮೇಲ ಬಸ್‌ಸ್ಟ್ಯಾಂಡಿನಲ್ಲಿ ಅವ್ವನನ್ನು ಕೈ ಬದಲಿಸುವುದು ರೂಢಿ. ಬಸ್ಸಿನಲ್ಲಿ ಅವಳಿಗೆ ಕಿಟಕಿ ಕೊಟ್ಟ. ಊರು ದಾಟಿ, ತೊಗರಿ ಕೊಯ್ದ ಹೊಲಗಳು ಶುರುವಾದ ಮೇಲೆ ಅವಳು ಒಮ್ಮೆಲೇ ನೆಟ್ಟಗೆ ಕುಳಿತಳು. ದೂರದ ಹೊಲದಲ್ಲಿ ಒಂದು ಕುರಿಹಿಂಡು ಹೋಗುತ್ತಿತ್ತು. ಹಿಂದೆ ಸಾಮಾನು ಹೇರಿದ ಕುದುರೆ, ಅದರ ಹಿಂದೆ ಬುಟ್ಟಿ ಹೊತ್ತ ಹೆಂಗಸು, ಒಂದು ನಾಯಿ. "ಮರಿ ಕುದರಿ ಮ್ಯಾಲ ಹಾಕ್ಯಾರ, ಚಲೋ ಮಾಡ್ಯಾರ," ಎಂದಳು ಸ್ಪಷ್ಟವಾಗಿ. ಅಷ್ಟು ದೂರದ ಮರಿ ಅವಳಿಗೆ ಕಂಡಿತ್ತು. ಮಾಳಿಂಗನಿಗೆ ತನ್ನ ಎಳವೆಯ ಸಂಜೆಗಳು ನೆನಪಾದವು. ಇಂದು ಮೋರಟಗಿ, ನಾಳೆ ಇನ್ನೊಂದು ಊರು, ಯಾರದೋ ಹೊಲ. ಕುದುರೆಯ ಮೇಲಿನ ಸಾಮಾನು ಇಳಿಯುತ್ತಲೇ ಅವ್ವ ಕಲ್ಲು ಆರಿಸಿ ಒಲೆ ಹೂಡುತ್ತಿದ್ದಳು. ಒಲೆಯ ಬಾಯಿ ಎಂದಿಗೂ ಒಂದೇ ದಿಕ್ಕಿಗೆ. ಒಲೆಯ ಎಡಕ್ಕೆ ನೀರಿನ ಕೊಡ, ಬಲಕ್ಕೆ ಹಿಟ್ಟಿನ ಚೀಲ, ಹಿಂದೆ ಕಂಬಳಿ, ಕಂಬಳಿಯ ತುದಿಗೆ ನಾಯಿ. ಕತ್ತಲಲ್ಲಿ ಎದ್ದರೂ ಇವನ ಕೈಗೆ ಕೊಡ ಸಿಗುತ್ತಿತ್ತು. ಹೊಲ ದಿನವೂ ಬದಲಾಗುತ್ತಿತ್ತು, ಮನೆ ಒಂದು ದಿನವೂ ಬದಲಾಗಿರಲಿಲ್ಲ. ಅವಳು ತಿರುಗಿದ್ದೇನೋ ನಿಜ, ಆದರೆ ತನ್ನದೆಲ್ಲವನ್ನೂ ಜೊತೆಗೆ ತಿರುಗಿಸಿಕೊಂಡು ತಿರುಗಿದ್ದಳು. ಇಷ್ಟು ವರ್ಷ ತಾನು ಜೇಬಿನಲ್ಲಿಟ್ಟುಕೊಂಡ ಮಾತಿಗೆ ಅರ್ಥವೇ ಬೇರೆಯಿತ್ತು ಎಂದು ಅವನಿಗೆ ಹೊಳೆಯಿತು. ಕುರುಬರ ಮನೆಯಲ್ಲಿ ಹುಟ್ಟಿ, ಹಲಗೆಯ ಮೇಲೆ ಅದನ್ನೇ ಬರೆದು ಹೊಟ್ಟೆ ಹೊರೆಯುವ ತನಗೆ ಇದು ತಿಳಿಯಲಿಲ್ಲವೇ? ತಿಳಿದಿತ್ತು. ತಿಳಿಯದೆ ಇರುವುದು ಅನುಕೂಲವಾಗಿತ್ತು.

ಆಲಮೇಲದಲ್ಲಿ ಅಣ್ಣ ಬಂದಿರಲಿಲ್ಲ. ಅವ್ವನನ್ನು ಬೆಂಚಿನ ಮೇಲೆ ಕೂರಿಸಿ, ಚಹಾ ಕುಡಿಸಿ, ಕಾದ. ಇಂಡಿಯಿಂದ ಒಂದು ಬಸ್ಸು ಬಂತು, ಇನ್ನೊಂದು ಬಂತು. ಕೊನೆಗೆ ಫೋನು ಮಾಡಿದರೆ ಸೋಮನಿಂಗನ ದನಿ ಸಂತೆಯ ಗದ್ದಲದೊಳಗಿಂದ ಬಂದಂತೆ ಬಂತು.

"ಮಾಳಿಂಗ, ಬ್ಯಾಸರ ಆಗಬ್ಯಾಡಪ. ನಿಮ್ಮ ವೈನಿಗಿ ಗರ್ಭಚೀಲದ ಆಪರೇಶನ್ ಮಾಡಬೇಕಂದಾರ. ಸೊಲ್ಲಾಪುರದ ದವಾಖಾನ್ಯಾಗ ಅದೇವಿ."

"ಮುಂಜಾನೆನ ಹೇಳಬೇಕಿಲ್ಲೇನು ಅಣ್ಣಾ? ಅವ್ವನ್ನ ಕರಕೊಂಡ ಬಂದ ಕುಂತೇನಿ."

"ಹೇಳಾಕ ಬಾಯಿ ಬರಲಿಲ್ಲಪಾ. ಚಂದಪ್ಪಗ ಕೇಳಿ ನೋಡು, ಪಾಳಿ ಹಿಂದಮುಂದ ಮಾಡೂಣು."

ತಮ್ಮ ಚಂದಪ್ಪ ಬಸ್ ಡ್ರೈವರ್. ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಾಳೆ, ಮುದ್ದೇಬಿಹಾಳದ ಮನೆಗೆ ಬೀಗ. "ನಂದು ಮುಂದಿನ ಅಮಾಸಿಗಿ ಅಲ್ಲೇನು? ನೀನ ಮಾಡಿದ ಲೆಕ್ಕ ನೀನ ಮುರದ್ರ ಹ್ಯಾಂಗಣ್ಣಾ," ಎಂದ, ಗೇರು ಬದಲಿಸುವ ಸದ್ದಿನ ನಡುವೆ. ಸುರೇಖಾ ಮೊದಲು ಅತ್ತಳು. "ನನ್ನ ಕಡಿಂದ ಹೋಗಿ ಈಗರ ತಿಂಗಳಾತಲ್ಲೋ. ನಾ ಒಯ್ಯತೇನಿ, ಆದ್ರ ನಮ್ಮತ್ತಿ ಮಾರಿ ಯಾರ ನೋಡಬೇಕೋ ಅಣ್ಣಾ? ಅಕಿನ್ನ ಒಂದ ಸಲಾ ಫೋನಿನ್ಯಾಗ ಕೊಡು." ಕೊಟ್ಟ. ಅವ್ವ ಫೋನನ್ನು ಕಿವಿಗೆ ಹಿಡಿದು ಎಲ್ಲದಕ್ಕೂ "ಹೂಂ" ಎಂದು ಮರಳಿ ಕೊಟ್ಟಳು. ಎಲ್ಲರ ಕಾರಣವೂ ಖರೆಯದೇ ಆಗಿತ್ತು. ಸುಳ್ಳಾಗಿದ್ದರೆ ಯಾರ ಮೇಲಾದರೂ ಹರಿಹಾಯಬಹುದಿತ್ತು. ನಾಲ್ಕು ಒಲೆಗಳಲ್ಲಿ ಮೂರು ಹೊತ್ತಿ ಉರಿಯುತ್ತಿದ್ದವು.

"ಬಂದನೇನು?" ಎಂದಳು ಅವ್ವ.

"ಯಾರವ್ವಾ?"

"ಒಯ್ಯಾಂವ."

ಮಾಳಿಂಗ ಪಕ್ಕಕ್ಕೆ ತಿರುಗಿ ಬಸ್ಸುಗಳ ಬೋರ್ಡು ಓದಿದ. ಆಮೇಲೆ, "ಯಾರೂ ಒಯ್ಯೂದಿಲ್ಲ. ನೀ ಇನ್ನ ಮ್ಯಾಲ ನನ್ನ ಹಂತ್ಯಾಕನ ಇರು," ಎಂದ. ಅಂದಮೇಲೆ ಎದೆ ಉಬ್ಬಿತು. ಬೇರೆ ದಾರಿಯಿಲ್ಲದೆ ಬಂದ ಮಾತನ್ನು ತಾನೇ ಮಾಡಿದ ತೀರ್ಮಾನವೆಂದು ಮನಸ್ಸು ಎಷ್ಟು ಬೇಗ ಒಪ್ಪಿಕೊಂಡಿತು! ಸಿಂದಗಿಯ ಬಸ್ಸು ಹತ್ತಿದವನು ದಾರಿಯುದ್ದಕ್ಕೂ ಸುನೀತಾಳಿಗೆ ಏನು ಹೇಳಬೇಕೆಂದು ಜೋಡಿಸುತ್ತ ಹೋದ. ಕೆಲಸಕ್ಕೆ ಒಬ್ಬಳನ್ನು ಇಡೋಣ. ಬೆಳಿಗ್ಗೆ ನಾನೇ ಮೈ ತೊಳೆಯುತ್ತೇನೆ. ಚಂದಪ್ಪನಿಗೆ ಹೇಳಿ ಕಂಬಳಿ ತರಿಸುತ್ತೇನೆ. ಮಂಚ ಅಲ್ಲೇ ಇರಲಿ, ಬಚ್ಚಲ ದಾರಿ ಈಗ ಅವಳಿಗೆ ಗೊತ್ತಾಗಿದೆ. ತಿಂಗಳಿಗೆ ಬಿಸಿಯಾದದ್ದು ಅರ್ಧ ದಿನಕ್ಕೆ ಆರುವುದಿಲ್ಲ. "ಸಿಂದಗಿ ನೆನಪೈತಲ್ಲವ್ವಾ?" ಎಂದು ಕೇಳಿದ. ಅವಳು ಅವನ ಕಡೆ ನೋಡಿ ಸೌಜನ್ಯಕ್ಕೆ ನಕ್ಕು, "ಐತ್ರಿ," ಎಂದಳು. ಆ ‘ರಿ’ ಅವನ ಕಿವಿಗೆ ಬಿತ್ತು. ಬಸ್ಸಿನ ಸದ್ದಿರಬೇಕು ಎಂದುಕೊಂಡ.

ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಬಾಗಿಲು ತೆರೆದಿತ್ತು, ಒಳಗಿಂದ ಫಿನಾಯಿಲಿನ ವಾಸನೆ ಓಣಿಗೂ ಬರುತ್ತಿತ್ತು. ಸುನೀತಾ ಪಡಸಾಲೆ ತೊಳೆದು, ಹಾಸಿಗೆಯನ್ನೆಲ್ಲ ತಂತಿಗೆ ಹಾಕಿ, ಮಂಚವನ್ನು ಬಿಚ್ಚಿ ಗೋಡೆಗೆ ಆನಿಸಿ, ಮಂಚವಿದ್ದಲ್ಲಿಗೆ ಶೋಕೇಸನ್ನು ಸರಿಸಿದ್ದಳು. ಪ್ರತಿ ಸಲ ಅವ್ವ ಹೋದ ದಿನ ಅವಳು ಮಾಡುವ ಕೆಲಸವೇ ಅದು. ತಿಂಗಳ ದಣಿವನ್ನು ಅವಳು ತೊಳೆದುಕೊಳ್ಳುವ ಬಗೆ ಅದೊಂದೇ. ಒದ್ದೆ ಬಟ್ಟೆ ಹಿಡಿದು ಬಾಗಿಲಿಗೆ ಬಂದವಳು ಮೊದಲು ಚೀಲ ನೋಡಿದಳು, ಆಮೇಲೆ ಅತ್ತೆಯನ್ನು, ಕೊನೆಗೆ ಅವನನ್ನು.  "ಅಣ್ಣಾ ಬರಲಿಲ್ಲ," ಎಂದ ಅಷ್ಟೇ. ಅವಳು ಒಳಗೆ ಹೋಗಿ ಒದ್ದೆ ನೆಲದ ಮೇಲೆ ಕುಳಿತು, ಮೊಣಕಾಲಿಗೆ ಹಣೆ ಹಚ್ಚಿದಳು.

ಅವ್ವ ಹೊಸ್ತಿಲು ದಾಟಲಿಲ್ಲ. ಕುತ್ತಿಗೆ ಚಾಚಿ ಒಳಗೆ ನೋಡಿದಳು, ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಆಮೇಲೆ ಹಿಂದೆ ಸರಿದು ಚೀಲವನ್ನು ಕಟ್ಟೆಯ ಮೇಲಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು, ಮಗನ ಎದುರು ಎರಡೂ ಕೈ ಮುಗಿದಳು.

"ಶರಣ್ರಿ ಗೌಡ್ರ. ಕುರಿಯವ್ರು ನಾವು. ಇವತ್ತೊಂದ ರಾತ್ರಿ ನಿಮ್ಮ ಹೊಲದಾಗ ಕುರಿ ತರಬತೇವ್ರಿ. ಬೆಳಿ ಮುಟ್ಟೂದಿಲ್ರಿ, ಬಾಂವಿ ಹೊಲಸ ಮಾಡೂದಿಲ್ರಿ. ನಸಕಿನ್ಯಾಗ ಎದ್ದ ಹೋಗತೇವ್ರಿ."

ಅವ್ವಾ, ನಾ ಮಾಳಿಂಗ ಎನ್ನಬೇಕು. ಬಾಯಿ ತೆರೆದ. ಎಳವೆಯಲ್ಲಿ ಎಷ್ಟೋ ಗೌಡರ ಕಟ್ಟೆಯ ಮುಂದೆ ಅಪ್ಪ ಹೀಗೆ ಕೈ ಮುಗಿದು ನಿಂತಾಗ, ಇದೇ ಅವ್ವನ ಸೀರೆಯ ನೆರಿಗೆ ಹಿಡಿದು ಇವನು ಹಿಂದೆ ಅಡಗಿರುತ್ತಿದ್ದ. ಗೌಡ ಏನನ್ನುವನೋ ಎಂದು ಅವಳ ಕಾಲು ನಡುಗುವುದು ಇವನ ಕೈಗೆ ತಿಳಿಯುತ್ತಿತ್ತು.  ನಸಕಿನ್ಯಾಗ ಎದ್ದ ಹೋಗತೇವಿ ಎಂದಿದ್ದಳು. ಆ ಮಾತು ಬೀಳುತ್ತಲೇ ಅವನ ಎದೆಯೊಳಗೆ ಏನೋ ಹಗುರವಾಯಿತು. ಬೆಳಗಾಗುವುದರೊಳಗೆ ಹೋಗುತ್ತಾಳೆ ಎಂಬ ಹಗುರ. ಥೂ ಎಂದು ತನಗೆ ತಾನೇ ಉಗಿದುಕೊಂಡ, ಆದರೂ ಆ ಹಗುರ ಹೋಗಲಿಲ್ಲ.

"ಇರ್ರಿ," ಎಂದ. ದನಿ ಯಾವನೋ ಗೌಡನದೇ ಆಗಿತ್ತು. "ಒಂದ ರಾತ್ರಿ."

ಅವ್ವನ ಮುಖ ಅರಳಿತು. "ನಿಮ್ಮನ್ನ ಹಡದಾಕಿ ಹೊಟ್ಟಿ ತಣ್ಣಗಿರ್ಲ್ರಿ," ಎಂದಳು. ಆಮೇಲೆ ಕಟ್ಟೆಯ ಕೆಳಗೆ ಬಗ್ಗಿ, ಒಲೆ ಹೂಡಲು ಕಲ್ಲು ಹುಡುಕತೊಡಗಿದಳು.